ಬಾವಿಯನ್ನು ಕೇಳದ ಹಸಿರು

ಹೊನ್ನಾವರದ ನನ್ನ ಮನೆಯಂಗಳದಲ್ಲಿ ನೀರು ಬೇಡದ ತೋಟವೊಂದನ್ನು ಬೆಳೆಸುತ್ತಿದ್ದೇನೆಂದು ಧಾರವಾಡದ ಮಿತ್ರರೊಬ್ಬರಿಗೆ ಹೇಳಿದಾಗ ಅವರು ಗಟ್ಟಿಯಾಗಿ ನಕ್ಕುಬಿಟ್ಟರು. ನಗಬೇಕಾದ ಮಾತೇ ಅದು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಕರಾವಳಿಯಲ್ಲಿ ಕುಳಿತು ಒಣ ತೋಟದ ಮಾತನಾಡುವವನು ಸಮುದ್ರದಲ್ಲಿ ನಿಂತು ಬಾಯಾರಿಕೆಯ ಮಾತನಾಡಿದಂತೆ ಅವರಿಗೆ ತೋರಿರಬೇಕು. ಆ ಹೋಲಿಕೆ ಎಷ್ಟು ನಿಜವೆಂಬುದು ನನಗೂ ಆಗ ತಿಳಿದಿರಲಿಲ್ಲ.

ನಮ್ಮ ಮಳೆಯ ಲೆಕ್ಕವನ್ನು ವರ್ಷದ ಮೊತ್ತದಲ್ಲಿ ನೋಡುವುದೇ ತಪ್ಪು. ಮೃಗಶಿರೆಯಿಂದ ಮಘೆಯವರೆಗೆ ಆಕಾಶವೇ ಹರಿದು ಬಿದ್ದಂತೆ ಸುರಿಯುವುದು. ಹಸ್ತ, ಚಿತ್ತೆಗಳಲ್ಲಿ ಅದು ಗುಡುಗಿಗೆ ಇಳಿಯುವುದು. ಸ್ವಾತಿ ಕಳೆಯಿತೆಂದರೆ ಮುಗಿಯಿತು. ಅಲ್ಲಿಂದ ಮುಂದಿನ ಮೇ ತಿಂಗಳ ಕೊನೆಯವರೆಗೆ ಒಂದೋ ಎರಡೋ ಅಕಾಲದ ಹನಿಗಳನ್ನು ಬಿಟ್ಟರೆ ಬಾನು ಬರಿದು. ನಾಲ್ಕು ತಿಂಗಳು ಮುಳುಗಿ ಏಳು ತಿಂಗಳು ಕಾಯುವ ನೆಲ ಇದು. ಗದ್ದೆಯ ಬಯಲಿನಲ್ಲಿ, ತೋಟಪಟ್ಟಿಯ ನೆರಳಿನಲ್ಲಿ ಮನೆ ಮಾಡಿದವರಿಗೆ ಈ ಏಳು ತಿಂಗಳ ಬಿಸಿ ಅಷ್ಟಾಗಿ ತಟ್ಟದು. ಆದರೆ ಚಿರೆಕಲ್ಲಿನ ದಿನ್ನೆಯ ಮೇಲೆ ಮನೆ ಕಟ್ಟಿದವನಿಗೆ ಅದು ಅಂಗಾಲಿನಿಂದಲೇ ತಿಳಿಯುತ್ತದೆ.

ಈ ಕಲ್ಲಿನ ವಿಷಯದಲ್ಲಿ ಒಂದು ಮಾತು. 1800-01ರಲ್ಲಿ ಮೈಸೂರು, ಕನ್ನಡ, ಮಲೆಯಾಳ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ನಮ್ಮ ಈ ಊರುಗಳನ್ನೂ ಹಾದುಹೋದನು. ಮಲಬಾರಿನ ಅಂಗಾಡಿಪುರದಲ್ಲಿ ಜನರು ಕೊಡಲಿಯಿಂದ ಕಡಿದು ಇಟ್ಟಿಗೆಯಂತೆ ಬಳಸುತ್ತಿದ್ದ ಕೆಂಪು ಕಲ್ಲನ್ನು ಕಂಡು, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಕನ್ನಡಿಗನು ಅದೇ ಕಲ್ಲನ್ನು ‘ಜಂಬಿಟ್ಟಿಗೆ’ ಎನ್ನುತ್ತಾನೆ. ಅವನ ಹೆಸರಿನಲ್ಲಿಯೂ ಇಟ್ಟಿಗೆಯೇ ಅಡಗಿದೆ! ಮಿರ್ಜಾನದ ಕೋಟೆಯ ಗೋಡೆಗಳನ್ನು ನೋಡಿದವರಿಗೆ ಇದರ ಗುಣವನ್ನು ವಿವರಿಸಬೇಕಾಗಿಲ್ಲ. ನೆಲದಡಿಯಲ್ಲಿರುವಾಗ ಮೆತ್ತಗಿದ್ದು, ಗಾಳಿಬಿಸಿಲಿಗೆ ತೆರೆದಷ್ಟೂ ಗಟ್ಟಿಯಾಗುವುದು. ಮೈತುಂಬ ರಂಧ್ರಗಳಿದ್ದರೂ ಮೇಲೆ ನೀರನ್ನು ಹಿಡಿದಿಡದೆ ಕೆಳಕ್ಕೆ ಬಿಟ್ಟುಬಿಡುವುದು. ಗಿಡಕ್ಕೆ ಉಣಿಸಲು ಅದರಲ್ಲಿ ಕಬ್ಬಿಣದ ಕೆಂಪಲ್ಲದೆ ಹೆಚ್ಚೇನಿಲ್ಲ.

ಅಂಥ ನೆಲದಲ್ಲಿ, ಹಿಂದೊಮ್ಮೆ ಕಲ್ಲು ಕಡಿದು ಬಿಟ್ಟ ಹೊಂಡದ ಮಗ್ಗುಲಲ್ಲಿ, ನಾನು ಮನೆ ಕಟ್ಟಿದೆ. ಕುಮಟೆಯಲ್ಲಿ ಕಳೆದ ಬಾಲ್ಯದಲ್ಲಿ ಅಂಗಳವೆಂದರೆ ಸಗಣಿ ಸಾರಿಸಿದ ನೆಲ, ನಡುವೆ ತುಳಸಿಕಟ್ಟೆ. ಹಸಿರೆಲ್ಲ ಹಿತ್ತಲಿಗೆ ಸೇರಿದ್ದು. ನೌಕರಿ ಸಿಕ್ಕಿ ಬೆಂಗಳೂರಿನ ಸ್ನೇಹಿತರ ಮನೆಗಳಲ್ಲಿ ಕತ್ತರಿಸಿದ ಹುಲ್ಲುಹಾಸನ್ನು ಕಂಡ ಮೇಲೆ, ನನ್ನ ಅಂಗಳವೂ ಹಾಗಿರಬೇಕೆಂಬ ಚಪಲ ಹುಟ್ಟಿತು. ಕೆಂಪು ಮಣ್ಣನ್ನು ಹೊರಿಸಿದೆ, ಹುಲ್ಲಿನ ಬಿಲ್ಲೆಗಳನ್ನು ತರಿಸಿ ಹಾಸಿದೆ. ಮೊದಲ ಮಳೆಗಾಲ ಅದು ಪಚ್ಚೆಯ ಕಂಬಳಿಯಾಯಿತು. ಡಿಸೆಂಬರದಲ್ಲಿ ಅಂಚುಗಳು ಕಂದಿದವು. ದಿನಕ್ಕೊಮ್ಮೆ ನೀರು ಬಿಟ್ಟೆ. ಫೆಬ್ರವರಿಯಲ್ಲಿ ಎರಡು ಹೊತ್ತು ಬಿಟ್ಟೆ. ಬಾವಿಗೆ ಪಂಪು ಇತ್ತು. ಗುಂಡಿ ಒತ್ತಿದರೆ ನೀರು ಬರುವಾಗ ಎಷ್ಟು ಕೊಡ ಎಂದು ಎಣಿಸುವವರು ಯಾರು?

ಎಣಿಸುವವರು ಗೋಡೆಯ ಆಚೆಗಿದ್ದರು. ನೆರೆಮನೆಯಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರು ಒಂಟಿಯಾಗಿ ಇರುತ್ತಾರೆ. ನಾನು ಅವರನ್ನು ಅಮ್ಮ ಎಂದು ಕರೆಯುವುದು. ಅವರ ಬಾವಿ ನನ್ನದಕ್ಕಿಂತ ಹಳೆಯದು, ಆದರೆ ಆಳ ಕಡಿಮೆ. ಒಂದೇ ಕಲ್ಲಿನ ಒಂದೇ ಒರತೆಗೆ ಎರಡು ಬಾಯಿಗಳು. ಆಳದ ಬಾಯಿ ಹೆಚ್ಚು ಕುಡಿದರೆ ಮೇಲಿನ ಬಾಯಿ ಒಣಗಲೇಬೇಕು. ಎರಡನೆಯ ವರ್ಷದ ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ಅವರು ಸೊಂಟದ ಮೇಲೆ ಕೊಡವನ್ನಿಟ್ಟುಕೊಂಡು ನನ್ನ ಗೇಟಿನ ಬಳಿ ಬಂದು ನಿಂತರು. ನಾನು ರಬ್ಬರಿನ ಕೊಳವೆ ಹಿಡಿದು ಹುಲ್ಲಿಗೆ ನೀರು ಚಿಮುಕಿಸುತ್ತಿದ್ದೆ.

“ಮಾಸ್ತರೇ, ನಿಮ್ಮ ಹುಲ್ಲು ಕುಡ್ದು ಉಳ್ದಿದ್ರೆ ನಂಗೊಂದೆರಡು ಕೊಡ ನೀರು ಸಿಗ್ತದಾ?”

ಅವರ ದನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಕೊಡಗಳನ್ನು ನಾನೇ ತುಂಬಿ ಹೊತ್ತು ಅವರ ಜಗಲಿಯ ಮೇಲಿಟ್ಟು ಬಂದೆ. ಅವರ ಬಾವಿಯೊಳಗೆ ಬಗ್ಗಿ ನೋಡಿದೆ: ಕೆಸರಿನ ನಡುವೆ ಒಂದು ಬೊಗಸೆಯಷ್ಟು ಕನ್ನಡಿ. ಹನ್ನೊಂದನೆಯ ಶತಮಾನದ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ನೆಲದಡಿಯ ನೀರನ್ನು ಗುರುತಿಸುವ ಬಗೆಯನ್ನು ವಿವರಿಸಿದ್ದಾನೆಂದು ತರಗತಿಯಲ್ಲಿ ಎಷ್ಟೋ ಸಲ ಪಾಠ ಹೇಳಿದ್ದೇನೆ. ಗೋಡೆಯಾಚೆಯ ಬಾವಿಯನ್ನು ಗುರುತಿಸುವ ವಿದ್ಯೆ ಮಾತ್ರ ನನಗೆ ಬಂದಿರಲಿಲ್ಲ.

ಅಂದಿನಿಂದ ಹುಲ್ಲಿಗೆ ನೀರು ನಿಲ್ಲಿಸಿದೆ. ಮೂರು ವಾರಗಳಲ್ಲಿ ಅದು ಒಣಗಿ ಚಾಪೆಯಾಯಿತು. ಅಲ್ಲಿಗೆ ಕಥೆ ಮುಗಿದಿದ್ದರೆ ಸುಖವಾಗಿತ್ತು. ಆದರೆ ಮುಂದಿನ ಆರಿದ್ರೆಯಲ್ಲಿ ಹೊದಿಕೆಯಿಲ್ಲದ ನನ್ನ ಮಣ್ಣು ಕದಡಿ, ಗೋಡೆಯ ತಳದ ಕಿಂಡಿಯಿಂದ ಹೊರಟು, ಅದೇ ಅಮ್ಮನ ಅಂಗಳಕ್ಕೆ ಕೆಂಪು ಹೊಳೆಯಾಗಿ ಹರಿಯಿತು. ಬೇಸಿಗೆಯಲ್ಲಿ ಅವರ ನೀರನ್ನು ಕಿತ್ತುಕೊಂಡವನು ಮಳೆಗಾಲದಲ್ಲಿ ಅವರಿಗೆ ಕೆಸರನ್ನು ದಾನ ಮಾಡಿದೆ. ನೆಲವನ್ನು ಬರಿದಾಗಿ ಬಿಡುವಂತಿಲ್ಲ, ಮುಚ್ಚಿದರೆ ನೀರೆರೆಯುವಂತಿಲ್ಲ. ಸಿಮೆಂಟು ಬಳಿದುಬಿಡಿ ಎಂದು ಸಲಹೆ ಕೊಟ್ಟವರೂ ಇದ್ದರು. ಊರಿನ ಎಷ್ಟೋ ಅಂಗಳಗಳು ಈಗ ಹಾಗೆಯೇ ಆಗಿವೆ. ಬಿದ್ದ ಮಳೆಯೆಲ್ಲ ರಸ್ತೆಯ ಚರಂಡಿಗೆ ಓಡುತ್ತದೆ, ಏಪ್ರಿಲಿನಲ್ಲಿ ಟ್ಯಾಂಕರಿನ ದಾರಿ ಕಾಯುತ್ತಾರೆ. ಆ ದಾರಿ ನನಗೆ ಹಿಡಿಸಲಿಲ್ಲ.

ಆಗ ಹೊಳೆದದ್ದು ಎಲೆಯಲ್ಲಿಯೇ ನೀರು ತುಂಬಿಟ್ಟುಕೊಳ್ಳುವ ಸಸ್ಯಗಳ ವಿಚಾರ. ಇವುಗಳಿಗೆ ಕನ್ನಡದಲ್ಲಿ ಏನೆನ್ನಬೇಕೆಂಬುದು ನನ್ನಂಥವನಿಗೆ ಮೊದಲು ಎದುರಾಗುವ ತೊಡಕು. ಪುಸ್ತಕಗಳಲ್ಲಿ ‘ರಸಭರಿತ ಸಸ್ಯ’ ಎಂದೂ ‘ಮಾಂಸಲ ಸಸ್ಯ’ ಎಂದೂ ಕಾಣುತ್ತದೆ. ಮೊದಲನೆಯದು ಕಿತ್ತಳೆ ಹಣ್ಣಿನ ಜಾಹೀರಾತಿನಂತಿದೆ. ಎರಡನೆಯದನ್ನು ಸಸ್ಯಾಹಾರಿಗಳ ಮನೆಯಲ್ಲಿ ಉಚ್ಚರಿಸಲು ಸಂಕೋಚ. ‘ನೀರೆಲೆಯ ಗಿಡ’ ಎಂದು ನಾನು ಕರೆದುಕೊಂಡಿದ್ದೇನೆ. ಪರಿಭಾಷೆಯ ಪಂಡಿತರು ಒಪ್ಪದಿದ್ದರೆ ಬೇಸರವಿಲ್ಲ.

ಬೆಂಗಳೂರಿನ ಸಸ್ಯಾಗಾರವೊಂದರಿಂದ ಇಂಥ ಗಿಡಗಳನ್ನು ಪೆಟ್ಟಿಗೆ ತುಂಬ ತಂದೆ. ಕಲ್ಲಿನಲ್ಲಿ ಕೆತ್ತಿದ ಕಮಲದಂತಹ ಎಚೆವೇರಿಯಾ, ಮಣಿ ಪೋಣಿಸಿದಂತಹ ಸೀಡಮ್, ನೆಲಕ್ಕಂಟಿ ಹಬ್ಬುವ ಇನ್ನೂ ನಾಲ್ಕಾರು. ನವೆಂಬರಿನಿಂದ ಮೇ ತನಕ ಅವು ನನ್ನ ಮಾನವನ್ನು ಉಳಿಸಿದವು. ವಾರಕ್ಕೊಂದು ತಂಬಿಗೆ ನೀರು. ಬಿಸಿಲೇರಿದಷ್ಟೂ ಅಂಚುಗಳಿಗೆ ಕೆಂಪು. ಬಂದವರಿಗೆಲ್ಲ ತೋರಿಸಿ ಬೀಗಿದೆ. ಪುನರ್ವಸು ಮಳೆಯ ಒಂದು ವಾರದ ಜಡಿ ಕಳೆದು ನೋಡುತ್ತೇನೆ, ಮುಟ್ಟಿದ ಗಿಡ ಕೈಯಲ್ಲಿ ಬೆಂದ ಬದನೆಯಂತೆ ಕಳಚಿ ಬಂತು. ಪುಷ್ಯ ಮುಗಿಯುವುದರೊಳಗೆ ಎಲ್ಲವೂ ಕೊಳೆತು ನಾತವಾಗಿ ಹೋದವು.

ಇವುಗಳನ್ನು ಕೊಂದದ್ದು ಬರವಲ್ಲ, ಮಳೆ. ಎಚೆವೇರಿಯಾಗಳ ತವರು ಹೆಚ್ಚಾಗಿ ಮೆಕ್ಸಿಕೋದ ಬೆಟ್ಟಗಳು. ಅಲ್ಲಿ ಬಂಡೆಯ ಸಂದಿನಲ್ಲಿ ಬೇರೂರಿ, ಬಿದ್ದ ನೀರು ಕ್ಷಣದಲ್ಲಿ ಇಳಿದುಹೋಗುವ ನೆಲದಲ್ಲಿ, ರಾತ್ರಿ ತಂಪಾಗುವ ತೆಳುಗಾಳಿಯಲ್ಲಿ ಅವು ಬಾಳುತ್ತವೆ. ನಾಲ್ಕು ತಿಂಗಳು ಬೇರಿಗೆ ಉಸಿರಾಡಲು ಬಿಡದ ನೀರು, ಹಗಲೂ ರಾತ್ರಿಯೂ ಒಂದೇ ಸಮನಾದ ಬೆವರುಗಾಳಿ ಅವುಗಳ ಅನುಭವಕ್ಕೆ ಬಂದದ್ದಲ್ಲ. ಒಣ ತೋಟಗಳ ವಿಷಯದಲ್ಲಿ ಬರೆದ ಪುಸ್ತಕಗಳು ನೀರಿಲ್ಲದೆ ಬದುಕುವ ಕಲೆಯನ್ನು ಹೇಳುತ್ತವೆ. ನಮಗೆ ಬೇಕಾದುದು ನೀರಿಲ್ಲದೆಯೂ, ನೀರಿನಲ್ಲಿ ಮುಳುಗಿಯೂ ಬದುಕುವ ಕಲೆ.

ಹಾಗಾದರೆ ನಮ್ಮ ನೆಲದ ಗಿಡಗಳೇ ಏನು ಮಾಡುತ್ತವೆ? ಈ ಪ್ರಶ್ನೆಯನ್ನು ಇಟ್ಟುಕೊಂಡು ನಾನು ರಜೆಯ ದಿನಗಳಲ್ಲಿ ಅಲೆದೆ. ಭಟ್ಕಳದ ಕಡೆಯ ಕಲ್ಲುಬಯಲುಗಳನ್ನು ಮಳೆಗಾಲದಲ್ಲಿ ನೋಡಿದವರು ಆ ಚೆಲುವನ್ನು ಮರೆಯಲಾರರು. ಬೇಸಿಗೆಯಲ್ಲಿ ಸುಟ್ಟ ಹಂಚಿನಂತಿದ್ದ ಬಂಡೆಯ ಮೇಲೆ ಬೆರಳೆತ್ತರದ ಸಸ್ಯಗಳು ಬಿಳಿ, ನೀಲಿ, ಹಳದಿ ಹೂಗಳನ್ನು ತಳೆದು ಜಮಖಾನೆ ಹಾಸುತ್ತವೆ. ಅವುಗಳಲ್ಲಿ ಹುಳುಗಳನ್ನು ಹಿಡಿದುಂಡು ನೆಲದ ಬಡತನವನ್ನು ತುಂಬಿಕೊಳ್ಳುವ ಯೂಟ್ರಿಕ್ಯುಲೇರಿಯಾ, ಡ್ರೊಸೆರಾಗಳೂ ಉಂಟು. ಆದರೆ ನವೆಂಬರಿನ ಹೊತ್ತಿಗೆ ಹೆಚ್ಚಿನವು ಬೀಜ ಉದುರಿಸಿ ಮಾಯ. ಬೇಸಿಗೆಯನ್ನು ಎದುರಿಸುವ ಅವುಗಳ ಉಪಾಯ ಬೇಸಿಗೆಯಲ್ಲಿ ಇರದಿರುವುದು! ಬಹು ಜಾಣತನದ ಉಪಾಯ. ಆದರೆ ನನ್ನ ಅಂಗಳಕ್ಕೆ ಉಪಯೋಗವಿಲ್ಲ.

ಉತ್ತರ ಸಿಕ್ಕಿದ್ದು ಸಮುದ್ರದ ದಂಡೆಯಲ್ಲಿ. ಶರಾವತಿಯ ಅಳಿವೆಯ ದಕ್ಷಿಣಕ್ಕೆ ಕಾಸರಕೋಡಿನ ಮರಳು ಇದೆಯಷ್ಟೆ. 2020ರಲ್ಲಿ ಅಲ್ಲಿಯ ಕಡಲತೀರಕ್ಕೆ ‘ಬ್ಲೂ ಫ್ಲ್ಯಾಗ್’ ಮನ್ನಣೆ ಬಂದ ಮೇಲೆ ಊರವರಲ್ಲದವರಿಗೂ ಅದರ ಹೆಸರು ಪರಿಚಯ. ಪ್ರವಾಸಿಗರು ಅಲೆಯನ್ನು ನೋಡುತ್ತಾರೆ. ಕಾಲಡಿಯ ಬಳ್ಳಿಯನ್ನು ನೋಡುವವರು ಕಡಿಮೆ. ಆಡಿನ ಗೊರಸಿನಂತೆ ಸೀಳಿದ ದಪ್ಪ ಎಲೆಯ, ನೇರಳೆ ಹೂವಿನ ಅಡುಂಬು ಬಳ್ಳಿ ಮರಳನ್ನು ಬಲೆಯಂತೆ ಹೆಣೆದು ಹಿಡಿದಿರುತ್ತದೆ. ಅದನ್ನು ತಂದು ನೆಟ್ಟರಾಯಿತೆಂದು ಮೊದಲು ಅನಿಸಿತು. ಆದರೆ ಅದರ ಒಂದೊಂದು ಹಂಬು ಹತ್ತಾರು ಅಡಿ ಓಡುವುದು. ನನ್ನ ಅಂಗಳ ಅದಕ್ಕೆ ಒಂದು ಹೆಜ್ಜೆಯ ನೆಲ. ಅದನ್ನು ಅದರ ಮರಳಿಗೇ ಬಿಟ್ಟೆ.

ಕುಮಟೆಯ ಕಡೆಗೆ ಹೋದಾಗ ಅಘನಾಶಿನಿಯ ಗಜನಿ ಬಯಲಿನಲ್ಲಿ ನನಗೆ ಬೇಕಾದ ಗಿಡ ಕಾದಿತ್ತು. ಅಣೆಕಟ್ಟಿನ ತಡೆಯಿಲ್ಲದೆ ಕಡಲನ್ನು ಸೇರುವ ಈ ನದಿಯ ಅಳಿವೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಉಬ್ಬರದಲ್ಲಿ ಉಪ್ಪುನೀರು ನುಗ್ಗುವ ಗದ್ದೆಗಳೇ ಗಜನಿಗಳು. ಮಳೆ ಬಂದು ಉಪ್ಪನ್ನು ತೊಳೆದಾಗ ಮಾಣಿಕಟ್ಟೆಯಂತಹ ಊರುಗಳಲ್ಲಿ ಉಪ್ಪನ್ನೂ ನೆರೆಯನ್ನೂ ತಾಳುವ ಕಗ್ಗವೆಂಬ ಭತ್ತವನ್ನು ಬಿತ್ತುವರು. ಅಲ್ಲಿಯ ಏರಿಗಳ ಮೇಲೆ, ಮಧ್ಯಾಹ್ನದ ಉರಿಬಿಸಿಲಿನಲ್ಲಿ, ಕೆಂಪು ದಂಟಿನ, ಬೆರಳುಗುರಿನಷ್ಟು ಅಗಲದ ಉದ್ದನೆಯ ಉಬ್ಬೆಲೆಗಳ ಒಂದು ಸಸ್ಯ ಹಚ್ಚಗೆ ಹಬ್ಬಿತ್ತು. ಅಲ್ಲಲ್ಲಿ ನಸುಗೆಂಪಿನ ನಕ್ಷತ್ರದಂತಹ ಪುಟ್ಟ ಹೂ. ಎಲೆಯನ್ನು ಮುರಿದು ನಾಲಗೆಗಿಟ್ಟರೆ ಉಪ್ಪಿನಕಾಯಿಯ ಭರಣಿಯ ರುಚಿ. ಸಸ್ಯಶಾಸ್ತ್ರಜ್ಞರು ಇದನ್ನು ಸೆಸುವಿಯಂ ಪೋರ್ಟುಲಕಾಸ್ಟ್ರಮ್ ಎನ್ನುತ್ತಾರೆ. ನಾನು ಉಪ್ಪುಗೋಳಿ ಎಂದೆ.

ಆ ಏರಿಯ ಮೇಲೆ ನಿಂತಾಗ ಧಾರವಾಡದ ಮಿತ್ರರ ನಗೆ ನೆನಪಾಯಿತು. ಉಪ್ಪುನೀರಿನಲ್ಲಿ ನಿಂತ ಗಿಡಕ್ಕೆ ನೀರು ಸುತ್ತಲೂ ಇದ್ದರೂ ಕುಡಿಯುವುದು ಕಷ್ಟ. ಉಪ್ಪಿನಂಶ ಹೊರಗೆ ಹೆಚ್ಚಿದ್ದಾಗ ನೀರು ಬೇರಿನೊಳಕ್ಕೆ ಸುಲಭವಾಗಿ ಬಾರದು. ಆದುದರಿಂದ ಅದು ಸಿಕ್ಕ ನೀರನ್ನು ಎಲೆಯಲ್ಲಿ ಕೂಡಿಡುತ್ತದೆ, ಒಳಬಂದ ಉಪ್ಪನ್ನು ಆ ನೀರಿನಲ್ಲಿಯೇ ಕರಗಿಸಿ ಸೈರಿಸುತ್ತದೆ. ಮೆಕ್ಸಿಕೋದ ಗಿಡಕ್ಕೆ ನೀರೆಲೆ ಬಂದದ್ದು ಮಳೆಯ ಕೊರತೆಯಿಂದ. ನಮ್ಮ ಕಡಲಂಚಿನ ಗಿಡಕ್ಕೆ ಬಂದದ್ದು ಉಪ್ಪಿನಿಂದ. ಬರವನ್ನು ಅದು ನೆರೆಯ ನಡುವೆಯೇ ಕಲಿತಿದೆ. ಹೀಗಾಗಿ ಬೇಸಿಗೆಯ ಉರಿಯೂ ಆಷಾಢದ ಕೆಸರೂ ಅದಕ್ಕೆ ಹೊಸತಲ್ಲ. ಗದ್ದೆಯ ಒಡೆಯರನ್ನು ಕೇಳಿಕೊಂಡು ಒಂದು ಹಿಡಿ ದಂಟುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದೆ. ಉಪ್ಪಿಲ್ಲದ ನೆಲದಲ್ಲಿ ಅದು ಬಾಳೀತೇ ಎಂಬ ಅಳುಕಿತ್ತು. ಬಾಳಿತು, ಎಲೆಯ ಉಪ್ಪು ಮಾತ್ರ ಸ್ವಲ್ಪ ತಗ್ಗಿದೆ.

ಹಿಂತಿರುಗುವ ದಾರಿಯಲ್ಲಿ ಹೆದ್ದಾರಿಯ ಬದಿಗೆ ಜಡೆ ಹೆಣೆದು ತೂಗುಹಾಕಿದ್ದ ಕುಮಟೆಯ ಸಿಹಿ ಈರುಳ್ಳಿಯನ್ನೂ ಕೊಂಡೆ. ಅಳ್ವೇಕೋಡಿ, ವನ್ನಳ್ಳಿ, ಹಂದಿಗೋಣಗಳ ಮರಳು ಮಣ್ಣಿನಲ್ಲಿ ಬೆಳೆಯುವ ಅದೂ ನೀರನ್ನು ಗಡ್ಡೆಯಲ್ಲಿ ಬಚ್ಚಿಟ್ಟುಕೊಂಡದ್ದೇ ಅಲ್ಲವೇ? ಇದು ತೋಟಗಾರಿಕೆಗೆ ಸೇರಿದ ಮಾತಲ್ಲ, ನಾಲಗೆಗೆ ಸೇರಿದ್ದು.

ಇನ್ನೊಂದು ಗಿಡವನ್ನು ಹುಡುಕಲು ಎಲ್ಲಿಗೂ ಹೋಗಬೇಕಾಗಲಿಲ್ಲ. ನಮ್ಮ ಕಾಲೇಜಿನ ಮೆಟ್ಟಿಲುಗಳ ಬಿರುಕಿನಲ್ಲಿ ಅದು ಪ್ರತಿವರ್ಷವೂ ಹುಟ್ಟುವುದು, ಜವಾನರು ಪ್ರತಿವರ್ಷವೂ ಕೀಳುವರು. ಗೋಳಿಸೊಪ್ಪು. ಆಲದ ಜಾತಿಯ ಮಹಾವೃಕ್ಷವನ್ನು ಗೋಳಿಮರವೆಂದು ಕರೆಯುವ ನಮ್ಮ ಕರಾವಳಿಯೇ ನೆಲಕ್ಕಂಟಿದ ಈ ಕುಳ್ಳನನ್ನೂ ಗೋಳಿ ಎಂದೇಕೆ ಕರೆಯಿತೋ! ಲ್ಯಾಟಿನ್ನಿನಲ್ಲಿ ಇದು ಪೋರ್ಟುಲಕಾ ಒಲೆರೇಸಿಯ. ಎರಡನೆಯ ಪದಕ್ಕೆ ಕಾಯಿಪಲ್ಲೆಯ ಹಿತ್ತಲಿಗೆ ಸೇರಿದ್ದು ಎಂಬ ಅರ್ಥ. ಅಮೆರಿಕೆಯ ಥೋರೋ ವಾಲ್ಡನ್ ಕೊಳದ ಬಳಿ ಒಂಟಿಯಾಗಿ ಬಾಳುತ್ತಿದ್ದಾಗ ತನ್ನ ಹೊಲದಲ್ಲಿ ಕಳೆಯಾಗಿ ಬೆಳೆದ ಇದನ್ನೇ ಬೇಯಿಸಿ ಉಪ್ಪು ಬೆರೆಸಿ ತೃಪ್ತಿಯಾಗಿ ಉಂಡೆನೆಂದು 1854ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಹೇಳಿಕೊಂಡಿದ್ದಾನೆ. ಥೋರೋನನ್ನು ಪಾಠ ಹೇಳುವ ನಮ್ಮ ಇಂಗ್ಲಿಷ್ ಅಧ್ಯಾಪಕರು ಅದನ್ನು ತುಳಿದುಕೊಂಡೇ ತರಗತಿಗೆ ಹೋಗುತ್ತಾರೆ. ಕನ್ನಡದವರೂ ಅಷ್ಟೆ.

ಇಂಥ ಎಲೆಗಳ ಒಳಗಿನ ವ್ಯವಹಾರವೂ ಸ್ವಾರಸ್ಯದ್ದು. ಸಾಮಾನ್ಯ ಗಿಡ ಹಗಲಿನಲ್ಲಿ ಎಲೆಯ ರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲಾಮ್ಲವನ್ನು ಎಳೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಅದರ ನೀರೂ ಆವಿಯಾಗಿ ಹೊರಟುಹೋಗುತ್ತದೆ. ನೀರೆಲೆಯ ಗಿಡಗಳಲ್ಲಿ ಹಲವು ಹಗಲು ಬಾಗಿಲು ಮುಚ್ಚಿ ರಾತ್ರಿ ತೆರೆಯುತ್ತವೆ. ರಾತ್ರಿ ಸಂಗ್ರಹಿಸಿದ್ದನ್ನು ಆಮ್ಲವಾಗಿ ಮಾರ್ಪಡಿಸಿ ಇಟ್ಟುಕೊಂಡು, ಹಗಲಲ್ಲಿ ಬಾಗಿಲು ಮುಚ್ಚಿಯೇ ಬಿಸಿಲಿನ ಬಲದಿಂದ ಅದನ್ನು ಸಕ್ಕರೆಯಾಗಿಸುತ್ತವೆ. ಇದರ ಸುಳಿವನ್ನು ನಾಲಗೆಯಿಂದಲೇ ಹಿಡಿದವನು ನಮ್ಮ ನಾಡಿಗೆ ಸಂಬಂಧಪಟ್ಟವನೆಂಬುದು ಹೆಚ್ಚಿನವರಿಗೆ ತಿಳಿಯದು. ಟಿಪ್ಪುವಿನ ಪತನದ ತರುವಾಯ ಕೆಲವು ಕಾಲ ಬೆಂಗಳೂರಿನ ಲಾಲ್‌ಬಾಗನ್ನು ನೋಡಿಕೊಂಡ ಬೆಂಜಮಿನ್ ಹೈನೆಯು, ನಾವು ಕಾಡುಬಸಳೆ ಎನ್ನುವ ಗಿಡದ ಎಲೆ ಬೆಳಿಗ್ಗೆ ಹುಳಿಯಾಗಿಯೂ ಮಧ್ಯಾಹ್ನಕ್ಕೆ ಸಪ್ಪೆಯಾಗಿಯೂ ಸಂಜೆಗೆ ಸ್ವಲ್ಪ ಕಹಿಯಾಗಿಯೂ ಇರುವುದನ್ನು ಗಮನಿಸಿ, 1813ರಲ್ಲಿ ಬರೆದ ಪತ್ರವೊಂದರಲ್ಲಿ ತಿಳಿಸಿದನು. ಲಂಡನ್ನಿನ ಲಿನ್ನೀಯನ್ ಸಂಘದ ಸಂಪುಟದಲ್ಲಿ ಅದು ಅಚ್ಚಾಯಿತು. ಇದರ ಪೂರ್ಣ ವಿವರಣೆ ಸಿಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಹೈನೆಯ ಮಾತನ್ನು ನಾನೂ ಪರೀಕ್ಷಿಸಿದೆ. ಬೆಳಗಿನ ಆರು ಗಂಟೆಗೆ ಕಾಡುಬಸಳೆಯ ಒಂದು ಚೂರನ್ನು ನಾಲಗೆಗೆ ಸೋಕಿಸಿ ಉಗುಳಿದೆ: ಹುಣಸೆಯ ಚಿಗುರಿನ ಹುಳಿ. ಕಾಲೇಜಿನಿಂದ ಬಂದು ಅದೇ ಗಿಡದ ಇನ್ನೊಂದು ಎಲೆಯನ್ನು ನೋಡಿದರೆ ಹುಳಿ ಎಲ್ಲಿ ಹೋಯಿತೋ! (ನುಂಗಬಾರದು, ಈ ಗಿಡ ಹೆಚ್ಚಾಗಿ ಹೊಟ್ಟೆಗೆ ಹೋದರೆ ದನಕರುಗಳಿಗೂ ವಿಷ.) ಗೋಳಿಸೊಪ್ಪಿನ ಚಾತುರ್ಯ ಇನ್ನೂ ಹೆಚ್ಚಿನದು. ಅದು ನೀರಿದ್ದಾಗ ಜೋಳ, ಕಬ್ಬುಗಳು ನಡೆಸುವ ಚುರುಕಾದ ಕ್ರಮದಲ್ಲಿ ಬೆಳೆಯುತ್ತದೆ. ನೀರು ತಪ್ಪಿದರೆ ಮೇಲೆ ಹೇಳಿದ ರಾತ್ರಿಯ ಕ್ರಮವನ್ನೂ ಕೂಡಿಸಿಕೊಳ್ಳುತ್ತದೆ. ಎರಡೂ ಒಂದೇ ಜೀವಕೋಶದೊಳಗೆ ಹೆಣೆದುಕೊಂಡಿರುವುದನ್ನು 2022ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟರು. ನಮ್ಮ ಜವಾನರು ಅದನ್ನು ಕೀಳುತ್ತಲೇ ಇದ್ದಾರೆ.

ಇನ್ನು ನೆಟ್ಟ ಬಗೆ. ಇಲ್ಲಿ ನಾನು ತಪ್ಪಿ ಕಲಿತದ್ದನ್ನೇ ಹೇಳುತ್ತೇನೆ. ಹೊರಗಿನಿಂದ ತಂದ ಮೆತ್ತನೆಯ ಮಣ್ಣೇ ನನ್ನ ಶತ್ರುವಾಗಿತ್ತು. ಅದು ಮಳೆಗಾಲದಲ್ಲಿ ನೀರನ್ನು ಹಿಡಿದು ಬೇರನ್ನು ಕೊಳೆಸುತ್ತಿತ್ತು. ಅದನ್ನು ತೆಂಗಿನ ಬುಡಕ್ಕೆ ಸಾಗಿಸಿ, ಹಳೆಯ ಹೊಂಡದಲ್ಲಿ ಬಿದ್ದಿದ್ದ ಚಿರೆಕಲ್ಲಿನ ಚೂರುಗಳನ್ನೂ, ಮಾಡು ತೆಗೆಸಿದವರು ಎಸೆದಿದ್ದ ಹಂಚಿನ ಒಡಕುಗಳನ್ನೂ ಕುಟ್ಟಿ ಒಂದು ಗೇಣು ದಪ್ಪ ಹರಡಿದೆ. ಅದಕ್ಕೆ ಐದರಲ್ಲಿ ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಅಷ್ಟೆ. ಕಡಲ ಮರಳನ್ನು ಮುಟ್ಟಬಾರದು. ಅದನ್ನು ತೆಗೆದರೆ ದಂಡೆಗೂ ಕೇಡು, ಬೇರೆ ಗಿಡಗಳಿಗೆ ಉಪ್ಪೂ ಆಗದು. ಮನೆಯಿಂದ ಗೋಡೆಯ ಕಡೆಗೆ ಒಂದು ಮಾರಿಗೆ ನಾಲ್ಕು ಬೆರಳಿನಷ್ಟು ಇಳಿಜಾರು ಕೊಟ್ಟೆ. ಕೊನೆಯಲ್ಲಿ ಮೊಣಕಾಲುದ್ದದ ಕಾಲುವೆ ತೋಡಿ ಅದರಲ್ಲಿ ದಪ್ಪ ಕಲ್ಲು ತುಂಬಿದೆ. ಅಂಗಳದ ನೀರು ಈಗ ಅಮ್ಮನ ಮನೆಗೆ ಓಡುವುದಿಲ್ಲ, ಅಲ್ಲಿಯೇ ತಡೆದು ನಿಧಾನವಾಗಿ ನೆಲಕ್ಕಿಳಿಯುತ್ತದೆ.

ಗಿಡ ನೆಡುವುದಕ್ಕೆ ನಮ್ಮವರೆಲ್ಲ ಮೃಗಶಿರೆಯನ್ನು ಕಾಯುವರು. ನೀರೆಲೆಯ ಗಿಡಗಳಿಗೆ ಅದು ಮೃತ್ಯುಯೋಗ. ಸ್ವಾತಿ ಕಳೆದ ಮೇಲೆ ನೆಡಬೇಕು. ದಂಟನ್ನು ಮುರಿದು ತಕ್ಷಣ ಹುಗಿಯಬಾರದು. ಎರಡು ದಿನ ನೆರಳಿನಲ್ಲಿಟ್ಟು ಗಾಯ ಒಣಗಿದ ಮೇಲೆ ಗೇಣಿಗೊಂದರಂತೆ ಊರಬೇಕು. ಮೊದಲ ಮೂರು ವಾರ ನಾಲ್ಕು ದಿನಕ್ಕೊಮ್ಮೆ ಚಿಮುಕಿಸಿದ ನೀರು ಸಾಕು. ಆಮೇಲೆ ಕೈ ಕಟ್ಟಿ ಕುಳಿತಿರುವುದೇ ಕಷ್ಟದ ಕೆಲಸ. ಸೊರಗಿತೆಂದು ಕನಿಕರಪಟ್ಟು ನೀರೆರೆದಾಗಲೆಲ್ಲ ನಾನು ಗಿಡ ಕಳೆದುಕೊಂಡಿದ್ದೇನೆ.

ಇಳಿಜಾರಿನ ತುದಿಗೆ, ಕಾಲುವೆಯ ಅಂಚಿಗೆ ಉಪ್ಪುಗೋಳಿ. ಒದ್ದೆಯ ಕಾಲು ಅದಕ್ಕೇ ಸರಿ. ನಡುವೆ, ಪೂರ್ಣ ಬಿಸಿಲಿಗೆ, ಹತ್ತು ಗಂಟೆಯ ಹೂವು. ಇದೂ ಗೋಳಿಯ ಕುಲದ್ದೇ, ದಕ್ಷಿಣ ಅಮೆರಿಕೆಯಿಂದ ಬಂದದ್ದು. ಬಿಸಿಲೇರಿದಾಗ ಅರಳಿ ಮಧ್ಯಾಹ್ನ ಇಳಿಯುವಾಗ ಮುದುಡುವ ಅದರ ಹೂಗಳನ್ನು, ಹತ್ತಕ್ಕೆ ಹೊರಟು ಐದಕ್ಕೆ ಮರಳುವ ನಾನು ರವಿವಾರ ಮಾತ್ರ ಕಂಡೇನು. ಗೋಳಿಸೊಪ್ಪನ್ನು ನೆಡಲೇ ಇಲ್ಲ, ಅದು ತಾನಾಗಿಯೇ ಬಂತು. ಗೋಡೆಯ ಮಗ್ಗುಲಿನ ಅರೆನೆರಳಿಗೆ ದೊಡ್ಡಪತ್ರೆ. ಕಾಡುಬಸಳೆಯನ್ನು ಒಂದು ಕುಂಡದಲ್ಲಿ ಬಂಧಿಸಿಟ್ಟಿದ್ದೇನೆ; ಬಿದ್ದ ಎಲೆಯ ಅಂಚಿನಲ್ಲೆಲ್ಲ ಮರಿಹಾಕುವ ಆ ಮಡಗಾಸ್ಕರದ ಅತಿಥಿಗೆ ಅಂಗಳವನ್ನು ಒಪ್ಪಿಸಿದರೆ ಮನೆಯೊಡೆಯನು ಹೊರಗೆ ಮಲಗಬೇಕಾದೀತು.

ಎಲ್ಲವೂ ಗೆದ್ದಿತೆಂದು ಹೇಳಿದರೆ ಸುಳ್ಳಾದೀತು. ಮೊದಲ ಮಳೆಗಾಲದಲ್ಲಿ ಉಪ್ಪುಗೋಳಿ ನಿಂತಿತು. ಹತ್ತು ಗಂಟೆಯ ಹೂವು ಮುಕ್ಕಾಲು ಪಾಲು ಕರಗಿತು. ಗೋಳಿಸೊಪ್ಪು ಬಡವಾಗಿ, ಬೀಜ ಚೆಲ್ಲಿ ಕಣ್ಮರೆಯಾಯಿತು. ನೆಲದಲ್ಲಿ ಅದು ಚೆಲ್ಲುವ ಕರಿಯ ಬೀಜಗಳಿಗೆ ಲೆಕ್ಕವಿಲ್ಲ, ಚಿತ್ತೆಯ ಬಿಸಿಲಿಗೆ ಮತ್ತೆ ಎದ್ದಿತು. ಮಧ್ಯದ ತಿಂಗಳುಗಳಲ್ಲಿ ಎಲ್ಲಿಂದಲೋ ಬಂದ ಹುಲ್ಲು ಅವುಗಳ ಜಾಗವನ್ನೆಲ್ಲ ಹಿಡಿದು ಮಣ್ಣನ್ನು ಕಾಯಿತು. ಆ ಹುಲ್ಲನ್ನು ಈಗ ಸ್ವಾತಿಯವರೆಗೆ ನಾನು ಕೀಳುವುದಿಲ್ಲ. ಆರೈಕೆಯೇ ಬೇಡದ ತೋಟವೆಂಬುದು ಇಲ್ಲ. ವರ್ಷಕ್ಕೆ ಎರಡು ವಾರದ ದುಡಿಮೆಯಲ್ಲಿ ಮುಗಿಯುವ ತೋಟ ಉಂಟು. ದಿನವೂ ನೀರು ಬೇಡುವ ಭಟ್ಕಳದ ಮಲ್ಲಿಗೆಯನ್ನು ಸಾಕುವವರು ಇದನ್ನು ತೋಟವೆಂದೇ ಒಪ್ಪುವುದಿಲ್ಲ. ಮಲ್ಲಿಗೆಯ ಪರಿಮಳವನ್ನು ನೆನೆದಾಗ ನನಗೂ ಅವರ ಮಾತು ಸರಿಯೆನಿಸುವುದುಂಟು.

ಆ ವರ್ಷದ ಫೆಬ್ರವರಿಯಲ್ಲಿ ಅಮ್ಮ ಗೋಡೆಯ ಮೇಲಿಂದ ಇಣುಕಿ ನೋಡಿದರು.

“ಇದು ಗೋಳಿಸೊಪ್ಪಲ್ವಾ ಮಾಸ್ತರೇ? ಇದ್ನ ಬೆಳ್ಸೂಕೂ ಕಾಲೇಜಿನ ಓದು ಬೇಕಿತ್ತಾ?”

ನಕ್ಕರು. ನಾನೂ ನಕ್ಕೆ. ಮೂರು ವರ್ಷಗಳಲ್ಲಿ ನಾವಿಬ್ಬರೂ ಕೂಡಿ ನಕ್ಕದ್ದು ಅದೇ ಮೊದಲು. ಒಳಗೆ ಬಂದು ಸೆರಗಿನ ತುಂಬ ಸೊಪ್ಪು ಮುರಿದುಕೊಂಡರು. ಮುರಿಯುವಾಗ ಒಂದೊಂದು ದಂಟನ್ನೂ ಚಿವುಟಿ ನೋಡುತ್ತಿದ್ದರು, ಏಕೆಂದು ಕೇಳಿದೆ. ನೆಲಕ್ಕಂಟಿ ಇದರಂತೆಯೇ ಬೆಳೆಯುವ ಇನ್ನೊಂದು ಕಳೆ ಉಂಟು, ಚಿವುಟಿದರೆ ಹಾಲು ಒಸರುತ್ತದೆ, ಅದು ಹೊಟ್ಟೆಗೆ ಆಗದು ಎಂದರು. ನಾನು ಓದಿದ ಪುಸ್ತಕಗಳಲ್ಲಿ ಹತ್ತು ಸಾಲು ತೆಗೆದುಕೊಂಡಿದ್ದ ವಿಷಯ ಅದು. ಮಧ್ಯಾಹ್ನ ಒಂದು ಬಟ್ಟಲು ತಂಬುಳಿ ಗೋಡೆಯ ಮೇಲೆ ಬಂದು ಕುಳಿತಿತ್ತು. ಮಜ್ಜಿಗೆಯ ಹುಳಿಯೊಳಗೆ ಸೊಪ್ಪಿನದೇ ಆದ ಇ‌ನ್ನೊಂದು ಹುಳಿ. ಅದು ಬೆಳಿಗ್ಗೆಯೇ ಕೊಯ್ದ ಸೊಪ್ಪೆಂಬುದನ್ನು ನಾನು ಹೈನೆಯ ಬಲದಿಂದ ವಿವರಿಸಲು ಹೊರಟೆ. ಅವರು, “ಮೊದ್ಲು ಉಣ್ಣಿ,” ಎಂದರು.

ಆ ಏಪ್ರಿಲಿನಲ್ಲಿ ಅವರ ಬಾವಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಇದು ನನ್ನ ತೋಟದ ಪುಣ್ಯವೆಂದು ಹೇಳಲಾರೆ. ಹಿಂದಿನ ವರ್ಷ ಮಳೆ ಚೆನ್ನಾಗಿತ್ತು. ಬಾವಿಗಳ ಲೆಕ್ಕ ಒಂದು ಅಂಗಳದ ಅಳತೆಗೆ ಸಿಗುವಂಥದಲ್ಲ. ನನ್ನ ಪಂಪು ದಿನಕ್ಕೆ ಎರಡು ಸಲ ಓಡುವುದು ನಿಂತಿತ್ತು ಎಂಬಷ್ಟನ್ನು ಮಾತ್ರ ಬಲ್ಲೆ. ಅವರು ಕೊಡ ಹಿಡಿದು ಗೇಟಿಗೆ ಬರಲಿಲ್ಲ ಎಂಬುದನ್ನೂ.

ಈ ಸಲ ಮೃಗಶಿರೆಯ ಮೊದಲ ದಿನ, ಮೋಡ ಕಪ್ಪಾಗಿ ಗಾಳಿ ಏಳುವ ಹೊತ್ತಿಗೆ ಬಂದರು. ಕೈಯಲ್ಲಿ ಹಳೆಯ ಬಿದಿರಿನ ಬುಟ್ಟಿ. ಅಂಗಳದ ನಡುವೆ ಕುಳಿತು ಹತ್ತು ಗಂಟೆಯ ಹೂವಿನ ಒಂದೊಂದು ಬಣ್ಣದಿಂದಲೂ ನಾಲ್ಕು ನಾಲ್ಕು ದಂಟು ಮುರಿದು ಬುಟ್ಟಿಯಲ್ಲಿ ಜೋಡಿಸಿಕೊಂಡರು.

“ನನ್ನ ಮಾಡಿನ ಅಡಿಗೆ ಇಟ್ಕಣ್ತೆ ಮಾಸ್ತರೇ. ನಿಮ್ದು ಹ್ಯಾಂಗೂ ಕೊಳೀತದೆ. ಸ್ವಾತಿ ಮುಗೀಲಿ, ತಿರುಗಿ ಕೊಡ್ತೆ.”

ಹೇಳಿ ಮುಗಿಸುವಷ್ಟರಲ್ಲಿ ದಪ್ಪ ಹನಿಗಳು ಬಿದ್ದವು. ಬುಟ್ಟಿಯನ್ನು ಸೆರಗಿನಿಂದ ಮುಚ್ಚಿಕೊಂಡು, ತಾವು ತೊಯ್ಯುತ್ತ, ಅವರು ಗೇಟು ದಾಟಿ ಹೋದರು.